ಅಣ್ಣನ ಕಾಲು, ಅವನ ಮಗನ ಕುದುರೆ: ಪುಣೆಯಲ್ಲಿ ಐದು ದಿನ

ಬುಧವಾರ ರಾತ್ರಿ, ಬೆಳಗಾವಿ

ಅಣ್ಣನ ಕೃತಕ ಕಾಲು ಸರಿಮಾಡಿಸಲು ರಾತ್ರಿ ಹತ್ತಕ್ಕೆ ಪುಣೆ ಬಸ್ ಹತ್ತಿದೆವು. ನಾನು, ನನ್ನ ಅಣ್ಣ, ಅಣ್ಣನ ಮಗ ಪುಟ್ಟು. ಅಪ್ಪ ಮಗ ಅಕ್ಕಪಕ್ಕ ಕೂಡಲಿಲ್ಲ. ಅಣ್ಣ ಮುಂದಿನ ಸೀಟಿನಲ್ಲಿ ಕಿಟಕಿಗೆ ಒರಗಿದ. ಪುಟ್ಟು ಹಿಂದೆ ಹೋಗಿ ಕೂತ. ನಡುವೆ ನಾನು. ಮೇ ತಿಂಗಳಿಂದ ಮನೆಯಲ್ಲೂ ಹೀಗೇ ನಡೆದಿದೆ. ಅಪ್ಪನಿಗೆ ಹೇಳಬೇಕಾದ್ದನ್ನು ಮಗ ನನಗೆ ಹೇಳುತ್ತಾನೆ. ಮಗನಿಗೆ ಹೇಳಬೇಕಾದ್ದನ್ನು ಅಣ್ಣ ಗೋಡೆಗೆ ಹೇಳುತ್ತಾನೆ. ಇಬ್ಬರ ನಡುವೆ ಅತ್ತಿಗೆ ಸೋತು ಹೋಗಿದ್ದಾಳೆ. ಈ ಸಲ ಅವಳನ್ನು ಸುಮ್ನೆ ನಾಲ್ಕು ದಿನ ಬಿಡೋಣ ಅಂತಲೇ ನಾನು ಶಾಲೆಗೆ ರಜೆ ಹಾಕಿ ಹೊರಟೆ.

ಅಣ್ಣ ಸೈನ್ಯದಲ್ಲಿದ್ದವನು. 1999ರಲ್ಲಿ ಕಾರ್ಗಿಲ್ ಯುದ್ಧ ಆದಾಗ ಅವನಿಗೆ 22 ವರ್ಷ. ಗುಡ್ಡ ಹತ್ತಿ ಹೋರಾಡಿದವರ ಬಗ್ಗೆ ಎಲ್ಲರಿಗೂ ಗೊತ್ತು. ಅವರಿಗೆ ಮದ್ದುಗುಂಡು, ನೀರು, ರೇಷನ್ ಹೊತ್ತು ಹೋದ ಹೇಸರಗತ್ತೆಗಳ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಅಣ್ಣ ಇದ್ದದ್ದು ಆರ್ಮಿ ಸರ್ವಿಸ್ ಕೋರ್‌ನಲ್ಲಿ, ಆ ಹೇಸರಗತ್ತೆಗಳ ತುಕಡಿಯಲ್ಲಿ. ದ್ರಾಸ್ ಹತ್ತಿರ ಒಂದು ರಾತ್ರಿ ಶೆಲ್ ಬಿತ್ತು. ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಇಷ್ಟು ಮಾತ್ರ ನಮಗೆ ಗೊತ್ತಿದ್ದದ್ದು. ಇಪ್ಪತ್ತಾರು ವರ್ಷ ಇದಕ್ಕಿಂತ ಒಂದು ಮಾತು ಜಾಸ್ತಿ ಅವನ ಬಾಯಿಂದ ಬಂದಿರಲಿಲ್ಲ.

ಪುಟ್ಟುಗೆ ಹದಿನಾರು. ಅವನಿಗೆ ಜಾಕಿ, ಅಂದರೆ ರೇಸ್ ಕುದುರೆ ಓಡಿಸುವ ಸವಾರ, ಆಗಬೇಕು. ಇದು ಮೊನ್ನೆ ಮೊನ್ನೆ ಹುಟ್ಟಿದ ಹುಚ್ಚಲ್ಲ. ನಮ್ಮ ಕಡೆ ಜಾತ್ರೆಗಳಲ್ಲಿ ಕುದುರೆ ಗಾಡಿ ಶರ್ಯತ್ತು ಇರುತ್ತದೆ. ಊರಲ್ಲಿ ಒಬ್ಬರು ಅದಕ್ಕಂತಲೇ ಕುದುರೆ ಸಾಕಿದ್ದಾರೆ. ಎಂಟು ವರ್ಷದವನಿದ್ದಾಗಿಂದ ಇವನು ಅಲ್ಲೇ. ನಮ್ಮ ಹೊಲದ ಬದುವಿನಿಂದ ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪು ಕೊಯ್ದು ಒಯ್ಯುತ್ತಿದ್ದ. ಜೀನು ಇಲ್ಲದೆ ಬರಿ ಬೆನ್ನ ಮೇಲೆ ಕೂತು ಕೆರೆ ಏರಿ ಉದ್ದಕ್ಕೂ ಓಡಿಸುತ್ತಿದ್ದ.

2025ರ ಮೇ 2ಕ್ಕೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು, ಪಾಸಾದ. ಐದು ದಿನ ಕಳೆದು ಮೇ 7ಕ್ಕೆ ಆಪರೇಷನ್ ಸಿಂಧೂರ. ಟಿವಿಯಲ್ಲಿ ಹಗಲೂ ರಾತ್ರಿ ಸೈರನ್ ಸದ್ದು. ಅಣ್ಣ ಟಿವಿ ಮುಂದಿಂದ ಏಳಲೇ ಇಲ್ಲ. ಊಟ ಇಲ್ಲ, ನಿದ್ದೆ ಇಲ್ಲ, ಕಾಲನ್ನೂ ಬಿಚ್ಚಿಡಲಿಲ್ಲ. ಅಂಥ ರಾತ್ರಿಯಲ್ಲೇ ಪುಟ್ಟು ಬಂದು, ಪಿಯುಸಿ ಬೇಡ, ಪುಣೆಗೆ ಹೋಗಿ ರೇಸ್ ಕುದುರೆ ಕೆಲಸ ಕಲಿಯುತ್ತೇನೆ ಅಂದ. ಅಣ್ಣ ಕೈ ಎತ್ತಿದ. ಏಟು ಬಿತ್ತು. ಹುಟ್ಟಿದಾಗಿಂದ ಅವನು ಮಗನ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

ಮರುದಿನ ಪುಟ್ಟು ನನ್ನ ಮೂಲಕ ವಾದ ಕಳಿಸಿದ. 1996ರಲ್ಲಿ ಸುಪ್ರೀಂ ಕೋರ್ಟೇ ಕುದುರೆ ರೇಸು ಕೌಶಲದ ಆಟ, ಬರೀ ಜೂಜಲ್ಲ ಅಂತ ಹೇಳಿದೆ, ಅಪ್ಪಗ ಹೇಳ ಅತ್ತಿ, ಅಂದ. ಹೇಳಿದೆ. ಅಣ್ಣ ಗೋಡೆ ನೋಡಿಕೊಂಡು, "ನಾ ಜೂಜಿನ ಮಾತು ಆಡಾಕತ್ತಿಲ್ಲ" ಅಂದ. ಹಾಗಾದರೆ ಯಾವ ಮಾತು ಅಂತ ಆಗ ನನಗೂ ಹೊಳೆಯಲಿಲ್ಲ.

ಗುರುವಾರ, ಮೊದಲ ದಿನ

ನಿಪ್ಪಾಣಿ, ಕೊಲ್ಹಾಪುರ ನಿದ್ದೆಯಲ್ಲೇ ದಾಟಿದವು. ಪೇಠ ನಾಕಾ ಬಳಿ ಚಹಾಕ್ಕೆ ನಿಂತಾಗ ಎಚ್ಚರಾಯಿತು. ಮುರಳೀಕಾಂತ್ ಪೇಟ್ಕರ್ ಈ ಪೇಠ ಊರಿನವರು. 1965ರ ಯುದ್ಧದಲ್ಲಿ ಗುಂಡು ತಿಂದು ಸೊಂಟದ ಕೆಳಗೆ ಬಲ ಕಳೆದುಕೊಂಡ ಸೈನಿಕ. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಭಾರತಕ್ಕೆ ಚಿನ್ನ ತಂದರು. ಅಣ್ಣನಿಗೆ ಇದನ್ನು ಹೇಳಿದೆ. "ಗೊತ್ತೈತಿ" ಅಂದು ಚಹಾದ ಲೋಟ ಇಟ್ಟ. ಗೊತ್ತಿರದೆ ಇರುತ್ತದಾ, ಅವನಿಗೆ?

ಖಂಬಾಟ್ಕಿ ಘಾಟ್, ಕಾತ್ರಜ್ ದಾಟಿ ಸ್ವಾರಗೇಟ್ ಮುಟ್ಟಿದಾಗ ಬೆಳಗಿನ ಆರು. ಜಿಟಿಜಿಟಿ ಮಳೆ. ಫಾತಿಮಾನಗರದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮನೆ ಇದೆ, ಉಳಿದದ್ದು ಅಲ್ಲೇ. ಹತ್ತಕ್ಕೆ ಆರ್ಟಿಫಿಷಿಯಲ್ ಲಿಂಬ್ ಸೆಂಟರ್‌ಗೆ ಹೋದೆವು. ಎರಡನೇ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗಾಗಿ 1944ರಲ್ಲಿ ಶುರುವಾದ ಸಂಸ್ಥೆ ಇದು. ಕಾರ್ಗಿಲ್ ಆದ ಮೇಲೆ ಅಣ್ಣ ನಡೆಯಲು ಕಲಿತದ್ದೂ ಇಲ್ಲೇ.

ಮೋಟು ಕಾಲು ವರ್ಷ ಕಳೆದಂತೆ ಸಣ್ಣಗಾಗುತ್ತದೆ. ಅದು ಕೂರುವ ಬಟ್ಟಲು, ಅದಕ್ಕೆ ಸಾಕೆಟ್ ಅನ್ನುತ್ತಾರೆ, ಸಡಿಲ ಆಗುತ್ತದೆ. ಅಣ್ಣ ಎರಡು ವರ್ಷದಿಂದ ಒಂದರ ಮೇಲೊಂದು ಮೂರು ಉಣ್ಣೆಯ ಚೀಲ ಹಾಕಿ ಬಿಗಿ ಮಾಡಿಕೊಂಡು ನಡೆಯುತ್ತಿದ್ದ. ಅಲ್ಲಿ ಬೆಂಚಿನ ಮೇಲೆ ಕೂತು ಒಂದೊಂದಾಗಿ ಬಿಚ್ಚಿದ. ಮೂರನೆಯದು ಚರ್ಮಕ್ಕೆ ಅಂಟಿತ್ತು. ಎಳೆದಾಗ ಮಾಸಲು ಕೆಂಪು ಕಂಡಿತು. ಪುಟ್ಟು ಅದನ್ನು ನೋಡುತ್ತ ನಿಂತಿದ್ದ. ಅಪ್ಪನ ಕಾಲನ್ನು ಅಷ್ಟು ಹತ್ತಿರದಿಂದ ಅವನು ನೋಡಿರಲೇ ಇಲ್ಲ. ಮನೆಯಲ್ಲಿ ಅಣ್ಣ ಬಾಗಿಲು ಹಾಕಿಕೊಂಡೇ ಕಾಲು ಬಿಚ್ಚುತ್ತಾನೆ.

ಒಳಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಳತೆ ತಗೊಂಡರು. ಹೊಸ ಸಾಕೆಟ್‌ಗೆ ಇನ್ನೊಮ್ಮೆ ಬರಬೇಕು, ಅಲ್ಲಿವರೆಗೆ ಹಳೆಯದಕ್ಕೇ ಒಳಗೆ ಮೆತ್ತೆ ಹಾಕಿ ಸೋಮವಾರ ಕೊಡುತ್ತೇವೆ ಅಂದರು. ಅಣ್ಣ ಊರುಗೋಲು ಹಿಡಿದು ಹೊರಗೆ ಬಂದ. ಆಟೊದಲ್ಲಿ ಕೂತಾಗ ರಸ್ತೆ ಪಕ್ಕ ಹಸಿರು ಬಯಲು ಕಂಡಿತು. ಉದ್ದಕ್ಕೂ ಬಿಳಿ ಕಟಾಂಜನ. ಪುಣೆ ರೇಸ್‌ಕೋರ್ಸ್. ಕಾಲು ಕೊಡುವ ಜಾಗಕ್ಕೂ ಕುದುರೆ ಓಡುವ ಜಾಗಕ್ಕೂ ಎಷ್ಟು ಹತ್ತಿರ! ಪುಟ್ಟು ಆಟೊದಿಂದ ತಲೆ ಹೊರಗೆ ಹಾಕಿ ನೋಡಿದ. ಅಣ್ಣ ಇನ್ನೊಂದು ಕಡೆ ಮುಖ ತಿರುಗಿಸಿದ.

ಶುಕ್ರವಾರ, ಎರಡನೇ ದಿನ

ಬೆಳಿಗ್ಗೆ ಐದಕ್ಕೆ ಪುಟ್ಟು ನನ್ನನ್ನು ಎಬ್ಬಿಸಿದ. ರೇಸ್‌ಕೋರ್ಸಿನಲ್ಲಿ ಬೆಳಿಗ್ಗೆ ಊರವರು ವಾಕಿಂಗ್ ಮಾಡುತ್ತಾರೆ. ನಾವೂ ಅವರೊಳಗೆ ಸೇರಿಕೊಂಡೆವು.

ಈ ಜಾಗ 1830ರ ಕಾಲದ್ದು. ನೆಲ ಸೈನ್ಯದ್ದು, ರೇಸು ನಡೆಸುವುದು ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್. ಮಳೆಗಾಲದಲ್ಲಿ ಕುದುರೆಗಳು ಪುಣೆಯಲ್ಲಿ ಓಡುತ್ತವೆ, ಚಳಿಗಾಲದಲ್ಲಿ ಮುಂಬೈಯ ಮಹಾಲಕ್ಷ್ಮಿಗೆ ಹೋಗುತ್ತವೆ. 1943ರಿಂದ ನಡೆಯುತ್ತಿರುವ ಇಂಡಿಯನ್ ಡರ್ಬಿ ಅನ್ನುವ ದೊಡ್ಡ ರೇಸು ಮಹಾಲಕ್ಷ್ಮಿಯದು. ಪೇಸಿ ಶ್ರಾಫ್ ಅದನ್ನು ಎಂಟು ಸಲ ಗೆದ್ದ ಜಾಕಿ. ಇದೆಲ್ಲ ಪುಟ್ಟುವಿನ ನೋಟ್‌ಬುಕ್ಕಿನಲ್ಲಿದೆ. ನಡೆಯುತ್ತ ನಡೆಯುತ್ತ ನನಗೆ ಪಾಠ ಒಪ್ಪಿಸಿದ. ನಮ್ಮ ಕುಣಿಗಲ್ ಫಾರ್ಮಿನಲ್ಲಿ ಟಿಪ್ಪು ಕಾಲದಿಂದಲೂ ಕುದುರೆ ಸಾಕುತ್ತಾ ಬಂದದ್ದು, 1918ರಲ್ಲಿ ಮೈಸೂರು ಲ್ಯಾನ್ಸರ್ಸ್‌ನ ಸವಾರರು ಹೈಫಾ ಊರು ಗೆದ್ದವರಲ್ಲಿ ಇದ್ದದ್ದು, ಅದನ್ನೂ ಬಿಡಲಿಲ್ಲ.

ಆಮೇಲೆ ಸದ್ದು ಕೇಳಿತು. ಮೊದಲು ಕಾಲ ಕೆಳಗಿನ ನೆಲದಲ್ಲಿ, ಆಮೇಲೆ ಕಿವಿಯಲ್ಲಿ. ಮಂಜಿನೊಳಗಿಂದ ಎರಡು ಕುದುರೆ ಜೋಡಿಯಾಗಿ ಬಂದವು. ಮೂಗಿನಿಂದ ಹಬೆ. ಮೇಲೆ ಕೂತವರು ಕೂತಿರಲಿಲ್ಲ, ರಿಕಾಬಿನ ಮೇಲೆ ಬೆರಳತುದಿಯಲ್ಲಿ ನಿಂತು ಬೆನ್ನು ಬಗ್ಗಿಸಿದ್ದರು. ನಮ್ಮ ಮುಂದೆ ಹಾದಾಗ ಒದ್ದೆ ಮಣ್ಣು ಎಗರಿ ನನ್ನ ಸೀರೆಗೆ ಬಿತ್ತು. ಸುಮಾರು ಐನೂರು ಕಿಲೋ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ಓಡುವುದು ಅಂದರೆ ಏನು ಅಂತ ನನಗೆ ಆಗಲೇ ತಿಳಿದದ್ದು. ಪುಟ್ಟು ಉಸಿರು ಬಿಡಲಿಲ್ಲ. ಅವನ ಮುಖ ನೋಡಿ ನನಗೆ ಕಣ್ಣು ತುಂಬಿತು. ಇದು ಹುಡುಗಾಟ ಅಂತ ಇನ್ನು ನಾನು ಯಾರಿಗೂ ಹೇಳಲಾರೆ.

ಕಟಾಂಜನದ ಹತ್ತಿರ ಒಬ್ಬ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಕುದುರೆ ಹಿಡಿದು ತಿರುಗಾಡಿಸುತ್ತ ಬೆವರು ಆರಿಸುತ್ತಿದ್ದರು. ನಮ್ಮ ಮಾತು ಕೇಳಿ ನಿಂತರು. "ಯಾವೂರ್ರಿ ಅಕ್ಕಾರ?" ಇಂಡಿ ತಾಲ್ಲೂಕಿನವರು. ಬರಗಾಲದ ವರ್ಷ ಕಟ್ಟಡದ ಕೆಲಸಕ್ಕೆ ಅಂತ ಬಂದವರು ಲಾಯ ಸೇರಿದರಂತೆ. ಅವತ್ತಿಂದ ಅವರು ನಮಗೆ ಇಂಡಿ ಕಾಕಾ.

ಪುಟ್ಟು ಮುಂದೆ ಹೋಗಿ ಅಂಗೈ ಚಪ್ಪಟೆ ಮಾಡಿ ಕುದುರೆಯ ಮೂಗಿನ ಕೆಳಗೆ ಹಿಡಿದ. ಅದು ಮೂಸಿ, ತುಟಿಯಿಂದ ಅಂಗೈ ಒರೆಸಿತು. ಕಾಕಾ ಹುಡುಗನ ಕೈ ನೋಡಲಿಲ್ಲ, ಕಾಲು ನೋಡಿದರು.

"ಎಷ್ಟು ನಂಬರ್ ಬೂಟು, ತಮ್ಮಾ?"

"ಒಂಬತ್ತು."

"ತೂಕ?"

"ನಲವತ್ತೊಂಬತ್ತು."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನವಾಗಿ ಹೇಳಿದರು. ರೇಸಿನಲ್ಲಿ ಒಂದೊಂದು ಕುದುರೆಗೂ ಇಂತಿಷ್ಟು ತೂಕ ಅಂತ ಹೊರಿಸುತ್ತಾರೆ, ಸಾಮಾನ್ಯವಾಗಿ 50ರಿಂದ 60 ಕಿಲೋ. ಅದರೊಳಗೇ ಜಾಕಿ, ಜೀನು ಎಲ್ಲ ಬರಬೇಕು. ಕಡಿಮೆ ಬಿದ್ದರೆ ಸೀಸದ ತುಂಡು ಸೇರಿಸುತ್ತಾರೆ. ಜಾಸ್ತಿ ಆದರೆ ಏನೂ ಮಾಡಲು ಬರುವುದಿಲ್ಲ, ಜಾಕಿಯೇ ಕರಗಬೇಕು. "ಮರಿ ಕುದ್ರಿ ಕಾಲು ನೋಡಿದ್ರ ಎಷ್ಟು ಎತ್ತರ ಆಕ್ಕೈತಿ ಅಂತ ಹೇಳಬಹುದು. ನೀ ಇನ್ನೂ ಬೆಳಿತಿ, ತಮ್ಮಾ."

ಪುಟ್ಟು ತಲೆ ತಗ್ಗಿಸಿದ. ಆಗ ನನಗೆ ಒಂದೊಂದೇ ನೆನಪಾಯಿತು. ಎರಡು ತಿಂಗಳಿಂದ ಅರ್ಧ ರೊಟ್ಟಿ. ಸಂಜೆ ಹೊಟ್ಟೆನೋವು ಅಂತ ಊಟಕ್ಕೆ ಬಾರದೆ ಇದ್ದದ್ದು. ಬಿಸಿಲಲ್ಲಿ ಸ್ವೆಟರ್ ಹಾಕಿ ಓಡುತ್ತಿದ್ದದ್ದು. ಅಪ್ಪನ ಮೇಲಿನ ಸಿಟ್ಟು ಅಂದುಕೊಂಡಿದ್ದೆವು. ಹುಡುಗ ತನ್ನ ಎಲುಬು ಬೆಳೆಯದಂತೆ ತಡೆಯಲು ನೋಡುತ್ತಿದ್ದ.

ಶನಿವಾರ, ಮೂರನೇ ದಿನ

ಇಡೀ ದಿನ ಮಳೆ. ಮಧ್ಯಾಹ್ನ ಸ್ವಲ್ಪ ಬಿಟ್ಟಾಗ ಕ್ಯಾಂಪ್ ಭಾಗದ ಯುದ್ಧ ಸ್ಮಾರಕಕ್ಕೆ ಹೋಗಿ ಬಂದೆವು. ಜನರೇ ದುಡ್ಡು ಕೂಡಿಸಿ ಕಟ್ಟಿದ ಸ್ಮಾರಕ. ಕಾರ್ಗಿಲ್‌ನಲ್ಲಿ ಹಾರಿದ ಮಿಗ್-23 ವಿಮಾನ ಅಲ್ಲಿ ನಿಲ್ಲಿಸಿದ್ದಾರೆ. ಅಣ್ಣ ಊರುಗೋಲಿನ ಮೇಲೆ ನಿಂತು ಬಹಳ ಹೊತ್ತು ನೋಡಿದ. ನಂತರ, "ಇದರ ಸದ್ದು ಬಂದ್ರ ಅವು ಬೆದರ್ತಿದ್ವು" ಅಂದ. ಯಾರು ಅಂತ ಕೇಳಬೇಕು ಅನ್ನುವಷ್ಟರಲ್ಲಿ ಗೇಟಿನ ಕಡೆ ಹೊರಟಿದ್ದ.

ರಾತ್ರಿ ಅತ್ತಿಗೆಗೆ ಫೋನ್ ಮಾಡಿ ಪುಟ್ಟು ಊಟ ಬಿಟ್ಟ ವಿಷಯ ಹೇಳಿದೆ. ಆ ಕಡೆಯಿಂದ ಮಾತು ಬರಲಿಲ್ಲ. ಅಣ್ಣ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಬಾಗಿಲು ತೆರೆದೇ ಇತ್ತು.

ಭಾನುವಾರ, ನಾಲ್ಕನೇ ದಿನ

ಐದೂವರೆಗೆ ಎದ್ದು ನೋಡಿದರೆ ಅಣ್ಣನ ಹಾಸಿಗೆ ಖಾಲಿ. ಊರುಗೋಲೂ ಇಲ್ಲ. ಪುಟ್ಟು ನಾನು ಓಡಿದೆವು. ಎಲ್ಲಿಗೆ ಅಂತ ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ರೇಸ್‌ಕೋರ್ಸಿನಲ್ಲಿ ಕಟಾಂಜನಕ್ಕೆ ಎದೆ ಆನಿಸಿ ನಿಂತಿದ್ದ. ಲುಂಗಿ ಒದ್ದೆಯಾಗಿತ್ತು. ಇಂಡಿ ಕಾಕಾ ಅವನ ಪಕ್ಕ ಇದ್ದರು, ಅದೇ ಕುದುರೆಯ ಜೊತೆ. ಅಣ್ಣನ ಎಡಗೈ ಅದರ ಕುತ್ತಿಗೆಯ ಮೇಲಿತ್ತು. ಕೂದಲು ಯಾವ ಕಡೆ ಬೆಳೆದಿದೆಯೋ ಆ ಕಡೆಗೇ, ಮೇಲಿಂದ ಕೆಳಗೆ, ನಿಧಾನವಾಗಿ ಸವರುತ್ತಿದ್ದ. ಆ ಕೈ ಅಷ್ಟು ಮೃದುವಾಗಿ ಯಾವುದನ್ನಾದರೂ ಮುಟ್ಟಿದ್ದನ್ನು ನಾನು ನೋಡಿ ಎಷ್ಟು ವರ್ಷ ಆಗಿತ್ತೋ.

"ಇಲ್ಲಿ ಎಷ್ಟು ಸಲ ಹೊಡೀತಾರ?" ಅಂತ ಕಾಕಾಗೆ ಕೇಳುತ್ತಿದ್ದ.

"ಮೊದಲಿನಂಗ ಇಲ್ರಿ ಸಾಹೇಬ್ರ. ಸಿಕ್ಕಾಪಟ್ಟಿ ಹೊಡದ್ರ ಜಾಕಿಗೇ ದಂಡ ಹಾಕ್ತಾರ."

ಅಣ್ಣ ತಲೆ ಆಡಿಸಿದ. ನಾವು ಬಂದದ್ದು ಅವನಿಗೆ ಗೊತ್ತಿತ್ತು. ತಿರುಗಿ ನೋಡಲಿಲ್ಲ. ಕುದುರೆಯ ಕುತ್ತಿಗೆಗೇ ಹೇಳಿದ ಹಾಗೆ ಹೇಳಿದ.

ಅವನ ಕೈಯಲ್ಲಿ ಒಂದು ಹೆಣ್ಣು ಹೇಸರಗತ್ತೆ ಇತ್ತು. ಸೈನ್ಯದಲ್ಲಿ ಅವಕ್ಕೆ ಗೊರಸಿನ ಮೇಲೆ ನಂಬರ್ ಇರುತ್ತದೆ. ಹೆಸರು ಇಡುವುದು ಅದನ್ನು ನಡೆಸುವವನು. ಇವನು ಚೆನ್ನಿ ಅಂತ ಇಟ್ಟಿದ್ದ. ತೋಲೋಲಿಂಗ್ ಗುಡ್ಡದ ಮೇಲೆ ಕೂತ ಶತ್ರುಗಳಿಗೆ ಕೆಳಗಿನ ಹೆದ್ದಾರಿ ಪೂರಾ ಕಾಣುತ್ತಿತ್ತು, ಹಗಲು ಹೊರಟರೆ ಶೆಲ್. ಅದಕ್ಕೆ ರಾತ್ರಿ, ದೀಪ ಇಲ್ಲದೆ, ಸಾಲಾಗಿ ನಡೆಯುತ್ತಿದ್ದರು. ಅವತ್ತು ಒಂದು ತಿರುವಿನಲ್ಲಿ ಚೆನ್ನಿ ನಿಂತುಬಿಟ್ಟಿತು. ಕಿವಿ ಹಿಂದಕ್ಕೆ. ಎಳೆದರೂ ಬರಲಿಲ್ಲ. ಹಿಂದಿನವರು ಬೇಗ ಬೇಗ ಅನ್ನುತ್ತಿದ್ದರು. ಮೇಲೆ ಕಾಯುತ್ತಿದ್ದ ಹುಡುಗರಿಗೆ ನೀರು ಮುಗಿದಿತ್ತು.

"ಹೊಡದೆ" ಅಂದ ಅಣ್ಣ. "ಹಗ್ಗದ ತುದಿಲೆ ಮುಖಕ್ಕ ಹೊಡದೆ. ಎಂದೂ ಹೊಡದಾಂವ ಅಲ್ಲ. ಎರಡನೇ ಏಟಿಗೆ ಮುಂದ ಹೆಜ್ಜಿ ಇಟ್ಟಳು. ನಾಕು ಹೆಜ್ಜಿ. ಅಷ್ಟ."

ಸ್ವಲ್ಪ ತಡೆದು, "ಅದಕ ಗೊತ್ತಾಗಿತ್ತು. ನನಗ ಗೊತ್ತಾಗಿದ್ದಿಲ್ಲ" ಅಂದ.

ಶೆಲ್ ಬಿದ್ದ ಪೂರ್ತಿ ಪೆಟ್ಟು ಚೆನ್ನಿ ತಿಂದಿತು. ಅದು ನಡುವೆ ಇಲ್ಲದಿದ್ದರೆ ಹೋಗುತ್ತಿದ್ದದ್ದು ಕಾಲು ಮಾತ್ರ ಅಲ್ಲ. ಆ ಯುದ್ಧದಲ್ಲಿ ಸತ್ತ ನಮ್ಮ 527 ಜನರ ಹೆಸರು ಕಲ್ಲಿನ ಮೇಲಿದೆ. ಚೆನ್ನಿಯ ಹೆಸರು ಇಪ್ಪತ್ತಾರು ವರ್ಷ ಅಣ್ಣನ ಗಂಟಲಲ್ಲೇ ಇತ್ತು.

ಮೇ ತಿಂಗಳ ಆ ಏಟು ನನಗೆ ಆಗ ಅರ್ಥವಾಯಿತು. ಪುಟ್ಟುಗೂ ಆಗಿರಬೇಕು. ಅವನು ಏನೂ ಅನ್ನಲಿಲ್ಲ. ಅಪ್ಪನ ಬಗಲಿಂದ ಜಾರುತ್ತಿದ್ದ ಊರುಗೋಲನ್ನು ಸರಿಮಾಡಿ ಕೊಟ್ಟ.

ಮಧ್ಯಾಹ್ನದ ರೇಸಿಗೆ ಒಳಗೆ ಹೋಗಲಿಲ್ಲ. ಬೆಟ್ಟಿಂಗ್ ನಡೆಯುವ ಕಡೆ ಹದಿನಾರರ ಹುಡುಗನನ್ನು ಕರೆದೊಯ್ಯಲು ನನಗೆ ಮನಸ್ಸಿರಲಿಲ್ಲ. ಪಕ್ಕದಲ್ಲೇ ಎಂಪ್ರೆಸ್ ಗಾರ್ಡನ್ ಇದೆ, ದೊಡ್ಡ ದೊಡ್ಡ ಹಳೆ ಮರಗಳು. ಅಲ್ಲಿ ಸ್ವಲ್ಪ ಕೂತು ಆಮೇಲೆ ರಸ್ತೆ ಬದಿಯ ಬೇಲಿಗೆ ಬಂದು ನಿಂತೆವು. ಮೈಕಿನಲ್ಲಿ ಕಾಮೆಂಟರಿ ಕೇಳುತ್ತಿತ್ತು. 1200 ಮೀಟರ್ ಓಟ ಒಂದು ನಿಮಿಷ ಹತ್ತು ಸೆಕೆಂಡಿನ ಆಸುಪಾಸು ಮುಗಿಯುತ್ತದೆ. ಅದರಲ್ಲಿ ನಮಗೆ ಕಂಡದ್ದು ನಾಲ್ಕೈದು ಸೆಕೆಂಡು, ಬಣ್ಣದ ಟೋಪಿಗಳ ಒಂದು ಗುಂಪು. ಪುಟ್ಟು ಕುದುರೆಗಳನ್ನು ನೋಡುತ್ತಿದ್ದ. ಅಣ್ಣ ಜಾಕಿಗಳ ಬಲಗೈ ನೋಡುತ್ತಿದ್ದ.

"ಕಡೀಗೆ ಬಂದಾಂವ ಹೊಡೀಲೇ ಇಲ್ಲ" ಅಂದ ಅಣ್ಣ. "ಕುದ್ರಿಗೆ ಆಗಂಗಿಲ್ಲ ಅಂತ ತಿಳೀತು, ಬಿಟ್ಟ."

"ಅಂವಾ ಅಪ್ರೆಂಟಿಸ್ ಇರಬೇಕಪ್ಪಾ" ಅಂದ ಪುಟ್ಟು.

ಮೂರು ತಿಂಗಳಲ್ಲಿ ಇದು ಅವರಿಬ್ಬರ ನಡುವಿನ ಮೊದಲ ನೇರ ಮಾತು.

ಸೋಮವಾರ, ಐದನೇ ದಿನ

ಕಾಲು ಸಿಕ್ಕಿತು. ಒಳಗೆ ಹೊಸ ಮೆತ್ತೆ. ಅಣ್ಣ ಒಂದೇ ಉಣ್ಣೆ ಚೀಲ ಹಾಕಿ ಎರಡು ಕಂಬಿಗಳ ನಡುವೆ ನಡೆದು ನೋಡಿದ. ಈ ಸಲ ಪುಟ್ಟು ಅವನ ಮುಂದೆ ಹಿಂದಕ್ಕೆ ಹೆಜ್ಜೆ ಇಡುತ್ತ ನಡೆದ.

ಬಸ್ಸಿಗೆ ಮೊದಲು ಇಂಡಿ ಕಾಕಾಗೆ ಹೇಳಿ ಬರಲು ಹೋದೆವು. ಪುಟ್ಟು ಇನ್ನೂ ಹಟ ಬಿಟ್ಟಿಲ್ಲ. ಎತ್ತರ ಆದರೆ ಜಾಕಿ ಆಗದಿದ್ದರೂ ಬೆಳಗಿನ ಓಟ ಮಾಡಿಸುವ ರೈಡಿಂಗ್ ಬಾಯ್ ಆಗಬಹುದಲ್ವಾ ಅಂತ ಕೇಳಿದ. ಲಾಳ ಹೊಡೆಯುವ ಕೆಲಸದ ಬಗ್ಗೆ ಕೇಳಿದ. ಅದಕ್ಕೂ ಕಲಿತವರು ಬೇಕು, ಕುದುರೆ ಡಾಕ್ಟರೂ ಬೇಕು, ಮೊದಲು ಹೊಟ್ಟೆ ತುಂಬ ಉಣ್ಣು ಅಂದರು ಕಾಕಾ. ಕೊನೆಯ ಮಾತು ಅವನಿಗೆ ಹಿಡಿಸಲಿಲ್ಲ. ನನಗೂ ಗೊತ್ತು, ಇದು ಐದು ದಿನದಲ್ಲಿ ಮುಗಿಯುವ ಮಾತಲ್ಲ. ಅಣ್ಣ ಒಪ್ಪಿಗೆ ಕೊಟ್ಟಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ರಾತ್ರಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ನಾನು ಹಿಂದೆ. ಚಿಕ್ಕಮ್ಮನ ಮಗಳು ಕಟ್ಟಿಕೊಟ್ಟ ರೊಟ್ಟಿ, ಬದನೆಕಾಯಿ ಪಲ್ಯ ತೆಗೆದೆ. ಪುಟ್ಟು ಒಂದು ರೊಟ್ಟಿ ತಿಂದ. ಎರಡನೆಯದನ್ನು ಅಣ್ಣ ಮುರಿದು ಅರ್ಧ ತಾನು ಇಟ್ಟುಕೊಂಡು ಅರ್ಧ ಅವನ ಕೈಗೆ ಕೊಟ್ಟ. ಅದನ್ನೂ ತಿಂದ.

ಕಾತ್ರಜ್ ದಾಟಿದ ಮೇಲೆ ಮುಂದಿನ ಸೀಟಿನಿಂದ ಅಣ್ಣನ ಮಾತು ಕೇಳಿಸಿತು. ಪೆಡೋಂಗಿ ಅನ್ನುವ ಹೇಸರಗತ್ತೆಯ ಕಥೆ. 1971ರ ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕು, ತಾನೇ ತಪ್ಪಿಸಿಕೊಂಡು ಮರಳಿ ನಮ್ಮ ಕಡೆ ಬಂದದ್ದು. "ಬೆನ್ನ ಮ್ಯಾಲಿನ ಹೇರು ಸಮೇತ ಬಂತು" ಅಂದ.

"ಹೇರು ಬೀಳಲಿಲ್ಲೇನಪ್ಪಾ?"

"ಕಟ್ಟಿದಾಂವ ಸರಿ ಕಟ್ಟಿದ್ದ. ಎರಡೂ ಕಡೆ ಸಮ ಇರಬೇಕು. ಒಂದು ಕಡೆ ಭಾರ ಆತಂದ್ರ ಬೆನ್ನು ಹುಣ್ಣಾಕ್ಕೈತಿ, ಅದು ಬಾಯಿಬಿಟ್ಟು ಹೇಳಂಗಿಲ್ಲ. ನೋಡಿಲ್ಲಿ."

ಸೀಟಿನ ಸಂದಿಯಿಂದ ಬಗ್ಗಿ ನೋಡಿದೆ. ಅಣ್ಣ ಹೆಗಲ ಮೇಲಿನ ಟವೆಲ್ ತೆಗೆದು ಮಗನ ಮೊಣಕಾಲಿಗೆ ಸುತ್ತಿ ಗಂಟು ಹಾಕಿದ. ಒಂದು ತುದಿ ಹಿಡಿದು ಜಗ್ಗಿದ, ಗಂಟು ಒಮ್ಮೆಗೇ ಬಿಚ್ಚಿತು. "ಬಿದ್ದಾಗ ಹಿಂಗ ಒಂದ ಏಟಿಗೆ ಬಿಚ್ಚಬೇಕು. ಕತ್ತಲಾಗ, ಕೈ ಸೆಟದಿದ್ರೂ."

ಪುಟ್ಟು ಟವೆಲ್ ತಗೊಂಡು ತಾನು ಕಟ್ಟಿದ. ಜಗ್ಗಿದಾಗ ಇನ್ನೂ ಬಿಗಿಯಾಯಿತು. ಅಣ್ಣ ಬಿಡಿಸಿ ಕೊಟ್ಟ. ಖಂಬಾಟ್ಕಿ ಘಾಟ್ ಬಂದಾಗ ಡ್ರೈವರ್ ಒಳಗಿನ ಲೈಟ್ ಆರಿಸಿದ. ಕತ್ತಲಲ್ಲಿ ಪುಟ್ಟು ಮತ್ತೆ ಕಟ್ಟುತ್ತಿದ್ದ.